ಸಾದಾ, ಮಧ್ಯಮ, ಖಾಸಾ

ಬಾಗಲಕೋಟೆ
೧೨ ಜನವರಿ ೧೯೮೪

ತಂಗಿ ಗುರುಲಿಂಗವ್ವಳಿಗೆ ಅಣ್ಣ ಹೊಳಬಸಪ್ಪನ ಆಶೀರ್ವಾದ.

ಅವ್ವ ಆರಾಮ ಇದ್ದಾಳೆ. ಎರಡು ಹೊತ್ತು ರೊಟ್ಟಿ ತಿನ್ನುತ್ತಾಳೆ, ಎಲೆ ಅಡಿಕೆ ಬಿಟ್ಟಿಲ್ಲ, ಸೊಸೆಯ ಕೂಡ ಜಗಳವನ್ನೂ ಬಿಟ್ಟಿಲ್ಲ. ನಿನ್ನ ಮಗಳು ಕಸ್ತೂರಿ ತೀರಿಕೊಂಡು ಐದು ತಿಂಗಳಾಯಿತು. ಅಂದಿನಿಂದ ನಿನ್ನ ಕಡೆಯಿಂದ ಒಂದು ಕಾರ್ಡೂ ಇಲ್ಲ. ದುಃಖ ದೊಡ್ಡದು, ಒಪ್ಪಿದೆ. ಆದರೆ ಹುನಗುಂದದ ಸಾಲಿಯಲ್ಲಿ ದಿನಾ ಹಲಗೆ ತುಂಬ ಬರೆಯುವ ಅಕ್ಕೋರಿಗೆ ಅಣ್ಣನಿಗೆ ನಾಲ್ಕು ಸಾಲು ಬರೆಯುವಾಗಲೇ ಕೈ ನೋಯುವುದೇಕೆ?

ಇರಲಿ. ಸಂತೋಷದ ಸುದ್ದಿ ಹೇಳಲು ಬರೆಯುತ್ತಿದ್ದೇನೆ. ನನ್ನ ರೇಡಿಯೋ ರಿಪೇರಿ ಅಂಗಡಿಯ ಮುಂದೆ ಈಗ ಜನ ಪಾಳಿ ಹಚ್ಚುತ್ತಾರೆ. ಅದಕ್ಕೆ ಕಾರಣ ನಮ್ಮವ್ವ.

ಸಾವಾದ ಮನೆಯಲ್ಲಿ ಹೆಣದ ಮುಂದೆ ಕೂತು, ಸತ್ತವರ ಗುಣ ಎತ್ತಿ ಆಡಿ, ಹಾಡಿ ಹಾಡಿ ಅಳುವುದರಲ್ಲಿ ನಮ್ಮ ಸಕ್ರವ್ವನನ್ನು ಮೀರಿಸುವವಳು ಬಾಗಲಕೋಟೆಯಿಂದ ಬಾದಾಮಿಯವರೆಗೆ ಹುಟ್ಟಿಲ್ಲ. ಜನ ಚಕ್ಕಡಿ ಕಳಿಸಿ ಕರೆದೊಯ್ಯುತ್ತಿದ್ದರು, ಗುಳೇದಗುಡ್ಡದ ಒಂದು ಖಣ ಉಡಿಯಲ್ಲಿ ಹಾಕಿ ಕಳಿಸುತ್ತಿದ್ದರು. ಹೋದ ವರ್ಷ ಕಾರಹುಣ್ಣಿಮೆಯ ಮುಂದೆ ಒಂದೇ ದಿನ ಎರಡು ಊರಲ್ಲಿ ಸಾವಾಗಿ ಎರಡು ಚಕ್ಕಡಿ ನಮ್ಮ ಬಾಗಿಲಿಗೆ ಬಂದವು. ಎರಡೂ ಕಡೆಯವರು ಅವ್ವನ ಒಂದೊಂದು ರಟ್ಟೆ ಹಿಡಿದು ಜಗ್ಗಾಡುವುದನ್ನು ನೋಡುತ್ತ ನಿಂತಿದ್ದಾಗ ನನ್ನ ತಲೆಗೆ ಹೊಳೆಯಿತು. ಅವ್ವ ಒಬ್ಬಳೇ, ನಿಜ. ದನಿ ಒಂದೇ ಇರಬೇಕೆಂದು ಯಾರು ಹೇಳಿದರು? ಟೇಪ್ ರಿಕಾರ್ಡರ್ ತಂದೆ. ಅವಳು ಅಳಲು ಹೋದ ಕಡೆಯೆಲ್ಲ ಹಿಂದೆ ಹೋಗಿ ದನಿ ಭರ್ತಿ ಮಾಡಿಕೊಂಡೆ. ಈಗ ಅವ್ವ ಮನೆಯಲ್ಲಿ ಕಾಲು ಚಾಚಿ ಕೂತಿರುತ್ತಾಳೆ, ಅದೇ ಹೊತ್ತಿಗೆ ಹತ್ತು ಊರಲ್ಲಿ ಅಳುತ್ತಿರುತ್ತಾಳೆ.

ಕಷ್ಟ ಬಂದದ್ದು ಬೆಲೆ ಕಟ್ಟುವಾಗ. ಜೋಳವಾದರೆ ತೂಕ ಇದೆ, ಸೀರೆಯಾದರೆ ನೂಲಿನ ಲೆಕ್ಕ ಇದೆ. ಇಲ್ಲಿ ಮೊದಲನೆಯ ಕ್ಯಾಸೆಟ್ಟಿಗೆ ನನ್ನ ಜೀವ ಹೋಯಿತು, ಎರಡನೆಯದಕ್ಕೆ ಖಾಲಿ ಕ್ಯಾಸೆಟ್ಟಿನ ಖರ್ಚು ಬಿಟ್ಟರೆ ಏನೂ ಇಲ್ಲ. ಹಾಗಿದ್ದಾಗ ಮಾಲನ್ನು ನೋಡಿ ಬೆಲೆ ಹೇಳುವವನು ಹುಚ್ಚ. ಬಂದವನ ಮುಖ ನೋಡಿ ಹೇಳಬೇಕು. ಆದರೆ ಎದುರಿಗೇ ಒಬ್ಬನಿಗೆ ಇಪ್ಪತ್ತು, ಒಬ್ಬನಿಗೆ ಎಂಬತ್ತು ಎಂದರೆ ಜಗಳಕ್ಕೆ ಬರುತ್ತಾರೆ. ಅದಕ್ಕೇ ಮೂರು ಬಗೆ ಮಾಡಿದೆ: ಸಾದಾ, ಮಧ್ಯಮ, ಖಾಸಾ. ಸಾದಾದಲ್ಲಿ ಬೇಕಂತಲೇ ಗರಗರ ಸದ್ದು ಸೇರಿಸಿದ್ದೇನೆ. ಅದಕ್ಕೆ ಒಂದು ತಾಸು ಹೆಚ್ಚಿನ ಕೆಲಸ ಹಿಡಿಯಿತು. ಸೇರಿಸದಿದ್ದರೆ ಸಾಹುಕಾರರೂ ಅದನ್ನೇ ಒಯ್ಯುತ್ತಾರೆ. ಮಧ್ಯಮದಲ್ಲಿ ದನಿ ಸ್ವಚ್ಛ. ಖಾಸಾದಲ್ಲಿ ಅವ್ವ ನಿಮ್ಮ ಸತ್ತವರ ಹೆಸರು ಹಿಡಿದೇ ಅಳುತ್ತಾಳೆ. ಮಧ್ಯಮ ಇಲ್ಲದಾಗ ಎಲ್ಲರೂ ಸಾದಾ ಒಯ್ಯುತ್ತಿದ್ದರು. ಈಗ ನಾಲ್ಕು ಮಂದಿಯ ಎದುರಿಗೆ ಸಾದಾ ಕೇಳಲು ನಾಚುತ್ತಾರೆ.

ಬಾದಾಮಿಯ ಕಾಶಪ್ಪ ಸಾಹುಕಾರ ತನ್ನ ಅಪ್ಪ ಸತ್ತಾಗ ಬಂದಿದ್ದ. "ಎಲ್ಲಾದ್ರಾಗೂ ಅಳಾಕಿ ಒಬ್ಬಾಕೆ ಅಲ್ಲೇನೋ? ರೇಟ್ ಯಾಕ ಮೂರು?" ಎಂದ. "ಅಳಾಕಿ ಒಬ್ಬಾಕೇರಿ ಸಾವಕಾರ್ರ. ಸತ್ತಾವ್ರು ಒಬ್ರೇನ್ರಿ? ನಿಮ್ಮಪ್ಪಗೂ ನಿಮ್ಮ ಹೊಲದಾಗ ದುಡ್ಯಾವನ ಅಪ್ಪಗೂ ಒಂದ ಅಳು ಸಾಕಾಗತೈತೇನ್ರಿ?" ಎಂದೆ. ಖಾಸಾನೇ ಒಯ್ದ.

ಎಲ್ಲಕ್ಕಿಂತ ಹೆಚ್ಚು ಓಡುವುದು ಕೂಸಿನ ಹಾಡು. ಕೂಸು ಸತ್ತ ಮನೆಯವರು ಚೌಕಾಸಿ ಮಾಡುವುದಿಲ್ಲ.

ನಿನ್ನ ಅಣ್ಣ
ಹೊಳಬಸಪ್ಪ


ಹುನಗುಂದ
೩ ಏಪ್ರಿಲ್ ೧೯೮೪

ಅಣ್ಣನಿಗೆ,

ನಿನ್ನ ಪತ್ರಕ್ಕೆ ಉತ್ತರ ಬರೆಯುವ ಮನಸ್ಸಿರಲಿಲ್ಲ. ಈಗ ಬರೆಯಲೇಬೇಕಾಗಿದೆ.

ಹೋದ ವಾರ ನಮ್ಮ ಓಣಿಯಲ್ಲಿ ಇಂದ್ರವ್ವನ ಮೊಮ್ಮಗಳು ಬಾವಿಗೆ ಬಿದ್ದು ಸತ್ತಳು. ಮೂರು ವರ್ಷದ ಹುಡುಗಿ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ನಾನು ರೊಟ್ಟಿ ಕಟ್ಟಿಕೊಂಡು ಹೋದೆ. ಬೇವಿನ ಗಿಡಕ್ಕೆ ಮೈಕಿನ ಹಾರ್ನ್ ಕಟ್ಟಿದ್ದರು. ಅದರೊಳಗಿಂದ ಅವ್ವನ ದನಿ ಬರುತ್ತಿತ್ತು. ಬಡವರು, ಸಾದಾ ತಂದಿದ್ದರು. ನೀನು ಒಂದು ತಾಸು ಕೂತು ಸೇರಿಸಿದ ಗರಗರ ಚೆನ್ನಾಗಿ ಕೇಳಿಸಿತು.

"ಹೊಸ್ತಿಲಾ ದಾಟೂದು ಕಲಿಸಿದ್ನಲ್ಲ, ಒಬ್ಬಾಕಿನ ದಾಟಂದಿದ್ದಿಲ್ಲ" ಎಂಬ ಸಾಲು ಬಂದಾಗ ರೊಟ್ಟಿಯ ಗಂಟು ಹಿಡಿದುಕೊಂಡು ಅಲ್ಲೇ ನಿಂತೆ. ಕಸ್ತೂರಿಗೆ ಹೊಸ್ತಿಲು ದಾಟುವುದನ್ನು ಕಲಿಸಿದವಳು ಅವ್ವ. ನಮ್ಮ ಮನೆಯ ಎತ್ತರದ ಹೊಸ್ತಿಲಿನ ಮೇಲೆ ಅವಳನ್ನು ಕೂರಿಸಿ, ಒಂದು ಕಾಲು ಆಚೆ, ಒಂದು ಕಾಲು ಈಚೆ ಇಡಿಸಿ ಕಲಿಸಿದ್ದಳು. ಅದು ಯಾರದೋ ಹಾಡಲ್ಲ ಅಣ್ಣ. ನನ್ನ ಮಗಳನ್ನು ಮುಂದೆ ಹಾಕಿಕೊಂಡು ಅತ್ತದ್ದು. ಹೆಸರು ಬರಬೇಕಾದ ಕಡೆ ಟಕ್ ಎಂದು ಸದ್ದಾಗಿ ದನಿ ನಿಂತು ಹೋಯಿತು. ಆ ಖಾಲಿ ಜಾಗದಲ್ಲಿ ಇಂದ್ರವ್ವ ತನ್ನ ಮೊಮ್ಮಗಳ ಹೆಸರು ಕೂಗಿ ಅತ್ತಳು. ನಾನು ನನ್ನ ಮಗಳ ಹೆಸರು ಬರುತ್ತದೆಂದು ಕಾಯುತ್ತ ನಿಂತಿದ್ದೆ.

ಕಸ್ತೂರಿ ಹೋದ ದಿನ ನಮ್ಮ ಮನೆಯ ಗೋಡೆಯ ಮಾಡದಲ್ಲಿ ನಿನ್ನ ಚೀಲ ಇತ್ತು, ಮೇಲೆ ಟವೆಲ್ ಹೊದಿಸಿತ್ತು. ಊಟದ ಗಂಟು ಅಂದುಕೊಂಡಿದ್ದೆ.

ಬೈಯುವುದಕ್ಕೆ ಬರೆದಿಲ್ಲ, ಕೇಳುವುದಕ್ಕೆ ಬರೆದಿದ್ದೇನೆ. ಅವತ್ತು ನಾನು ಗರ ಬಡಿದವಳಂತೆ ಕೂತಿದ್ದೆ. ಅವ್ವ ಏನು ಅತ್ತಳೋ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ. ಕಸ್ತೂರಿಯ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಮುಂದಿನ ವರ್ಷ ಸಾಲಿಗೆ ಹಾಕುವಾಗ ತೆಗೆಸಿದರಾಯಿತು ಎಂದು ಬಿಟ್ಟಿದ್ದೆವು. ನಾಲ್ಕು ವರ್ಷ ಅವಳು ಇದ್ದಳು ಎನ್ನುವುದಕ್ಕೆ ಉಳಿದಿರುವುದು ಆ ಅಳು ಒಂದೇ. ಹೆಸರು ಅಳಿಸದ ಮೂಲ ಕ್ಯಾಸೆಟ್ ನನಗೆ ಕೊಡು. ಮತ್ತೇನೂ ಕೇಳುವುದಿಲ್ಲ.

ಗುರುಲಿಂಗವ್ವ


ಬಾಗಲಕೋಟೆ
೨೦ ಏಪ್ರಿಲ್ ೧೯೮೪

ತಂಗಿ,

ಪತ್ರ ಓದಿ ನನಗೂ ಕಣ್ಣೀರು ಬಂತು. ನಿನ್ನ ಅತ್ತಿಗೆಗೂ ಓದಿ ಹೇಳಿದೆ.

ಅವತ್ತು ಯಂತ್ರ ಹಚ್ಚಿಟ್ಟು ನಾನು ಕುಣಿ ತೋಡುವವರ ಹತ್ತಿರ ಹೋಗಿದ್ದೆ, ಅವ್ವ ಅತ್ತದ್ದು ನಾನೂ ಕೇಳಿಲ್ಲ. ಆಮೇಲೆ ಸುರುವಿನದು ಸ್ವಲ್ಪ ಕೇಳಿ ನೋಡಿದೆ, ಒಳ್ಳೆಯ ಮಾಲು ಅನಿಸಿತು. ಪೂರ್ತಿ ಕೇಳಲು ಪುರಸೊತ್ತು ಎಲ್ಲಿದೆ? ಹೆಸರು ಬಂದ ಕಡೆಯೆಲ್ಲ ಅಳಿಸು ಎಂದು ನನ್ನ ಮೆಕ್ಯಾನಿಕ್ ಜಹಾಂಗೀರನಿಗೆ ಕೊಟ್ಟೆ. ಹೆಸರು ಉಳಿಸುವಂತಿರಲಿಲ್ಲ. ಬೇರೆಯವರ ಸತ್ತ ಕೂಸಿನ ಹೆಸರು ತಮ್ಮ ಮನೆಯಲ್ಲಿ ಕೂಗಿದರೆ ಇನ್ನೊಂದು ಸಾವು ಬೆನ್ನು ಹತ್ತಿ ಬರುತ್ತದೆಂದು ಜನ ಅಂಜುತ್ತಾರೆ. ಖಾಲಿ ಬಿಟ್ಟ ಮೇಲೆ ಎಲ್ಲರಿಗೂ ಹೊಂದುತ್ತದೆ. ಹೆಸರಿರುವ ಮೂಲ ಕ್ಯಾಸೆಟ್ ನನ್ನ ಬೀರಿನಲ್ಲಿ ಜೋಪಾನವಾಗಿದೆ, ಚಿಂತೆ ಮಾಡಬೇಡ.

ಈಗ ವ್ಯವಹಾರ. ಆ ಕ್ಯಾಸೆಟ್ಟನ್ನು ಸಂತೆಯಲ್ಲಿ ಇಟ್ಟರೆ ಖಾಲಿ ಕ್ಯಾಸೆಟ್ಟಿನ ಬೆಲೆಯೂ ಹುಟ್ಟುವುದಿಲ್ಲ. ಈ ಭೂಮಿಯ ಮೇಲೆ ಅದು ಬೇಕಾದವಳು ನೀನೊಬ್ಬಳೇ. ಒಬ್ಬಳಿಗೇ ಬೇಕಾದ ಮಾಲಿನ ಬೆಲೆ ಅವಳಿಗೆ ಎಷ್ಟು ಬೇಕು ಎನ್ನುವುದರ ಮೇಲೆ ನಿಲ್ಲುತ್ತದೆ. ನೀನೇ ಬರೆದಿದ್ದೀಯ, ಉಳಿದಿರುವುದು ಅದೊಂದೇ ಎಂದು. ಹಾಗೆ ಬರೆದುಕೊಟ್ಟ ಗಿರಾಕಿ ನನಗೆ ಇದುವರೆಗೆ ಸಿಕ್ಕಿಲ್ಲ. ಲಗ್ನದಲ್ಲಿ ಅವ್ವ ನಿನ್ನ ಕೊರಳಿಗೆ ಹಾಕಿದ ಬೋರಮಾಳ ಇದೆಯಲ್ಲ, ಅದನ್ನು ಕಳಿಸು. ಇನ್ನೊಂದು ಯಂತ್ರ ಕೊಳ್ಳಬೇಕಾಗಿದೆ. ಬಿಟ್ಟಿ ಕೊಡಬಹುದಿತ್ತು. ಬಿಟ್ಟಿ ಕೊಟ್ಟದ್ದನ್ನು ಜನ ಎಲ್ಲೋ ಒಗೆದುಬಿಡುತ್ತಾರೆ, ಆಮೇಲೆ ನೀನೇ ಪೇಚಾಡಬೇಕಾದೀತು.

ವ್ಯಾಪಾರ ಜೋರಾಗಿದೆ. ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿ ಹಾಸಿಗೆ ಹಿಡಿದ ತಾಯಿಯ ಹೆಸರಿನಲ್ಲಿ ಮೊದಲೇ ಖಾಸಾ ಮಾಡಿಸಿ ಒಯ್ದ. ಮುದುಕಿ ಬಾಜೂ ಕೋಣೆಯಲ್ಲಿ ಮಲಗಿದ್ದವಳು ಕೇಳಿಸಿಕೊಂಡು, "ಇಷ್ಟ ಅತ್ರ ನಾ ಹೋಗಂಗಿಲ್ಲ, ಇನ್ನೂ ಚಲೋದು ತರ್ಸು" ಅಂದಳಂತೆ. ಮತ್ತೆ ಬಂದು ಉದ್ದದ್ದು ಮಾಡಿಸಿದ.

ಹೆಸರು ಸೇರಿಸುವುದೂ ಈಗ ಸಲೀಸು. ಒಂದು ಮಧ್ಯಾಹ್ನ ಅವ್ವನನ್ನು ಅಂಗಡಿಯಲ್ಲಿ ಕೂರಿಸಿ ನಮ್ಮ ಸೀಮೆಯಲ್ಲಿರುವ ಗಂಡು ಹೆಣ್ಣು ಹೆಸರನ್ನೆಲ್ಲ ಒಂದೊಂದಾಗಿ ಅಳುವ ದನಿಯಲ್ಲಿ ಹೇಳಿಸಿ ಇಟ್ಟುಕೊಂಡಿದ್ದೇನೆ. ಬೇಕಾದಾಗ ಬೇಕಾದದ್ದನ್ನು ತೆಗೆದು ಜೋಡಿಸುವುದು ಅಷ್ಟೇ.

ಹೊಳಬಸಪ್ಪ


ಹುನಗುಂದ
೨ ಮೇ ೧೯೮೪

ಅಣ್ಣನಿಗೆ,

ಬೋರಮಾಳವನ್ನು ಬಸ್ಸಿನ ಹುಸೇನಸಾಬನ ಕೈಯಲ್ಲಿ ಕಳಿಸಿದ್ದೇನೆ. ನಮ್ಮ ಮನೆಯವರಿಗೆ ಹೇಳಿಲ್ಲ, ಎಲ್ಲೋ ಕಳೆದುಹೋಯಿತು ಎಂದು ಹೇಳುತ್ತೇನೆ. ಮೂಲ ಕ್ಯಾಸೆಟ್ಟನ್ನು ಅವನ ಕೈಗೇ ಕೊಡು. ಟಪಾಲಿಗೆ ಹಾಕಬೇಡ, ಒಡೆದೀತು.

ಗುರುಲಿಂಗವ್ವ


ಹುನಗುಂದ
೯ ಜುಲೈ ೧೯೮೪

ಹೊಳಬಸಪ್ಪನವರಿಗೆ,

ನೀವು ಕಳಿಸಿದ ಕ್ಯಾಸೆಟ್ಟನ್ನು ಮೊದಲ ಸಲ ಕೇಳಿದಾಗ ಅತ್ತೆ. ಎರಡನೆಯ ಸಲವೂ ಅತ್ತೆ. ಆಮೇಲೆ ದಿನಾ ಸಾಲಿಯಿಂದ ಬಂದು ಬಾಗಿಲು ಮುಂದೆ ಮಾಡಿಕೊಂಡು ಕೇಳುತ್ತಿದ್ದೆ. ಒಂದು ದಿನ ಅಳು ಬರಲಿಲ್ಲ, ಬರೀ ಕಿವಿ ಕೆಲಸ ಮಾಡಿತು.

ಹಾಡಿನ ತುಂಬ ಕಸ್ತೂರಿ ಎಂಬ ಹೆಸರು ಬರುತ್ತದೆ. ಎಲ್ಲ ಕಡೆಯೂ ಒಂದೇ ಕಸ್ತೂರಿ. ಏರುವುದಿಲ್ಲ, ಇಳಿಯುವುದಿಲ್ಲ. ಪ್ರತಿ ಸಲ ಹೆಸರಿನ ಬೆನ್ನಿಗೆ ಒಂದು ಸೈಕಲ್ ಗಂಟೆ ಬಾರಿಸುತ್ತದೆ. ನನ್ನ ಮಗಳನ್ನು ಮಲಗಿಸಿದ್ದ ಪಡಸಾಲೆಯಲ್ಲಿ ಸೈಕಲ್ ಓಡಾಡಲಿಲ್ಲ. ಅದು ನಿಮ್ಮ ಅಂಗಡಿಯ ಮುಂದಿನ ರಸ್ತೆ. ಯಾವುದೋ ಮಧ್ಯಾಹ್ನ ಬಸವ್ವ, ಶಾಂತವ್ವ ಎಂದು ಅವ್ವನ ಬಾಯಿಂದ ಹೇಳಿಸಿ ಇಟ್ಟುಕೊಂಡ ಮಾಲಿನೊಳಗಿಂದ ಒಂದು ಹೆಸರು ತೆಗೆದು ನನಗೆ ಜೋಡಿಸಿ ಕೊಟ್ಟಿರಿ. ಮೂಲ ಉಳಿದಿಲ್ಲ. ಜಹಾಂಗೀರನ ಕೈಗೆ ಕೊಟ್ಟದ್ದೇ ಮೂಲ, ಅಳಿಸಿದ್ದೂ ಅದರ ಮೇಲೆಯೇ. ಹೌದೋ ಅಲ್ಲವೋ?

ಇನ್ನೊಂದು ಮಾತು. ಅವ್ವ ನನ್ನ ಮಗಳನ್ನು ಒಂದು ದಿನವೂ ಕಸ್ತೂರಿ ಎಂದು ಕರೆದವಳಲ್ಲ. ಅವಳಿಗೆ ಅವ್ವ ಇಟ್ಟ ಹೆಸರೇ ಬೇರೆ. ನಾಲ್ಕು ವರ್ಷದಲ್ಲಿ ನೀವು ಎರಡು ಸಲ ನಮ್ಮ ಮನೆಗೆ ಬಂದಿರಿ, ಎರಡು ಸಲವೂ ಚಹಾ ಕುಡಿದು ಹೋದಿರಿ. ಆ ಹೆಸರು ನಿಮಗೆ ಹೇಗೆ ಗೊತ್ತಾಗಬೇಕು? ಹೇಳುವುದೂ ಇಲ್ಲ. ಹೇಳಿದರೆ ನಾಳೆ ಅದನ್ನೂ ಅವ್ವನ ಬಾಯಿಂದ ಹೇಳಿಸಿ ರೇಟು ಹಚ್ಚುತ್ತೀರಿ. ಅದೊಂದು ನನ್ನ ಹತ್ತಿರವೇ ಇರಲಿ.

ಬೋರಮಾಳ ಇಟ್ಟುಕೊಳ್ಳಿ. ನೀವು ಸತ್ತ ದಿನ ಯಾರಾದರೂ ಬಂದು ಕೇಳಿದರೆ ಸಾದಾ ಸಾಕು ಎಂದು ಹೇಳಿ ಕಳಿಸುತ್ತೇನೆ.

ಗುರುಲಿಂಗವ್ವ


ಬಾಗಲಕೋಟೆ
೧೭ ಫೆಬ್ರವರಿ ೧೯೮೫

ಗುರುಲಿಂಗಿ,

ನಾ ನಿಮ್ಮವ್ವ. ಬಾಜೂ ಮನಿ ಜುಲೇಖಾ ಬರ್ಯಾಕತ್ತಾಳ, ನಾ ಹೇಳಾಕತ್ತೀನಿ. ನಾ ಅಂದಂಗ ಬರಿ, ತಿದ್ದಬ್ಯಾಡ ಅಂತ ಹೇಳೀನಿ.

ನೀ ನಿಮ್ಮಣ್ಣಗ ಬರದ ಕಾಗದ ಅಂವ ನನ್ನ ಮುಂದ ಓದಲಿಲ್ಲ. ಸೊಸಿ ಜಗಳದಾಗ ಬಾಯಿ ಬಿಟ್ಲು, ಆವಾಗ ನನಗ ಗೊತ್ತಾತು. ನನ್ನ ಮ್ಯಾಲೆ ಸಿಟ್ಟ ಆಗಬ್ಯಾಡ. ಅಂವ ಹೆಸರ ಹೇಳಂದ, ನಾ ಹೇಳಿದ್ನಿ. ಒಂದರ ಹಿಂದ ಒಂದ ಹೇಳೂ ಮುಂದ ಕಸ್ತೂರಿ ಅಂತನೂ ಅಂದೆ. ನಿನ್ನ ಕೂಸಿನ ಹೆಸರಂತ ನನಗ ನೆನಪ ಆಗಲೇ ಇಲ್ಲ. ಹೆಂಗ ಆಗಬೇಕು? ಕಸ್ತೂರಿ ಅಂತ ಇಟ್ಟಾಕಿ ನಿಮ್ಮತ್ತಿ. ನಮ್ಮವ್ವ ನಾಗವ್ವ ತಿರುಗಿ ನಿನ್ನ ಹೊಟ್ಯಾಗ ಬಂದಾಳಂತ ನಾ ಬಾಣಂತನದಾಗ ಮಾರಿ ನೋಡಿದ ದಿನಾನ ಅಂದಿದ್ನಿ. ಅದ ಹಣಿ, ಅದ ಮೊಂಡತನ. ನಿಮ್ಮತ್ತಿ ಸಿಟ್ಟ ಮಾಡತಾಳಂತ ನಾವಿಬ್ರ ಇದ್ದಾಗಷ್ಟ ನಾಗವ್ವ ಅಂತ ಕರೀತಿದ್ದೆ. ಆಕಿ ಹೋದ ದಿನ ಯಾರ ಅಂಜಿಕೀನೂ ಉಳೀಲಿಲ್ಲ, ಬಾಯಿ ತುಂಬ ನಾಗವ್ವ ಅಂತ ಕರದ ಅತ್ತೆ. ಅದನ್ನ ಅಳಿಸಿ ಒಗದ್ರು.

ಮಂದಿ ಮನ್ಯಾಗ ಅಳೂದು ನನ್ನ ಕೆಲಸ. ಒಳಗ ಒಣಗಿರತೈತಿ, ಮ್ಯಾಲೆ ಹರೀತಿರತೈತಿ. ಖರೆ ಅತ್ತದ್ದು ಅದೊಂದ ದಿನ.

ಈಗ ಕೇಳು. ನಿಮ್ಮಣ್ಣಗ ಹೊಸಾ ಹುಚ್ಚ ಹಿಡದೈತಿ. ನನ್ನ ಸಾವಿಗೆ ನಾನ ಅತ್ತು ಇಡಬೇಕಂತ. "ಯವ್ವಾ, ಇಂಥಾ ಮಾಲು ಯಾರ ಹತ್ರಾನೂ ಇಲ್ಲ" ಅಂತ ಕಾಲ ಒತ್ತಾಕ ಕುಂತ. ಹುಟ್ಟಿದಾಗಿಂದ ಕಾಲ ಒತ್ತಿದಾಂವ ಅಲ್ಲ. ಆತು ಅಂದೆ. ಖೋಲ್ಯಾಗ ನಾ ಒಬ್ಬಾಕೆ ಇರಬೇಕು, ನಾ ಇರೂ ಮಟ ಅದನ್ನ ಯಾರೂ ಕೇಳಬಾರದು ಅಂತ ಆಣಿ ಹಾಕಿಸಿದೆ. ಯಂತ್ರ ಹಚ್ಚಿ ಬಾಗಲಾ ಹಾಕ್ಕೊಂಡು ಹೋದ.

ನನ್ನ ಸಾವಿಗೆ ನಾ ಯಾಕ ಅಳ್ಲಿ? ನಾಗವ್ವನ ಕರದ ಅತ್ತೆ. ಮೊದಲಿಂದ ಕಡೀ ಮಟ. ಹೊಸ್ತಿಲಾ, ಗೆಜ್ಜಿ, ಆಕಿ ಬೆಲ್ಲಾ ಕದ್ದ ತಿಂದದ್ದು, ಒಂದೂ ಬಿಡಲಿಲ್ಲ. ಎರಡೂ ಬಾಜೂ ತುಂಬೈತಿ. ನನ್ನ ಸೀರಿ ಸೆರಗಿನ ಕೆಂಪ ಎಳಿ ಕಿತ್ತು ಕ್ಯಾಸೆಟ್ಟಿಗೆ ಸುತ್ತೀನಿ, ಗುರ್ತಿಗೆ. ಅಂವ ಬೀರುದಾಗ ಇಟ್ಟು ಕೀಲಿ ಹಾಕ್ಯಾನ.

ನನ್ನ ಮಣ್ಣಿಗೆ ಬಾ. ಮಂದಿ ಕೂಡಿದಾಗ ಅಂವ ಅದನ್ನ ಹಚ್ಚತಾನ. ಕೇಳು, ಆಮ್ಯಾಲೆ ಎತಗೊಂಡು ನಡಿ. ಮಂದಿ ಮುಂದ ಅಂವಗ ಬೆಲಿ ಹೇಳಾಕ ಬಾಯಿ ಬರಂಗಿಲ್ಲ. ಅಲ್ಲೀ ತನಕಾ ಬಾಯಿ ಬಿಡಬ್ಯಾಡ. ನಿನಗ ಬೇಕಂತ ಗೊತ್ತಾದ್ರ ಈ ಸಲ ನಿನ್ನ ತಾಳೀನ ಕೇಳತಾನ.

ಹೆಬ್ಬೆಟ್ಟು ಒತ್ತೀನಿ.
ಸಕ್ರವ್ವ


ಬಾಗಲಕೋಟೆ
೪ ನವೆಂಬರ್ ೧೯೮೫

ತಂಗಿ ಗುರುಲಿಂಗವ್ವಳಿಗೆ,

ನೀನು ಪತ್ರ ಬಿಟ್ಟೆ, ನಾನೂ ಬಿಟ್ಟೆ. ಈಗ ಹಿರಿಯನಾಗಿ ನಾನೇ ಮೊದಲು ಬರೆಯುತ್ತಿದ್ದೇನೆ.

ದಸರೆಯ ಮರುದಿನ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಬಿದ್ದಿವೆ, ಬಾಯಿ ಸೊಟ್ಟಾಗಿದೆ, ಮಾತು ಪೂರ್ತಿ ಹೋಗಿದೆ. ಕಿವಿ ಮತ್ತು ಕಣ್ಣು ಮಾತ್ರ ಚುರುಕು. ದವಾಖಾನೆಯವರು ಮನೆಗೆ ಒಯ್ಯಿರಿ ಎಂದರು. ದೀಪಾವಳಿಯ ತನಕ ಇರುತ್ತಾಳೋ ಇಲ್ಲವೋ.

ಅವ್ವ ತನ್ನ ಸಾವಿಗೆ ತಾನೇ ಅತ್ತ ಒಂದು ಕ್ಯಾಸೆಟ್ ಮಾಡಿಸಿ ಇಟ್ಟಿದ್ದೆ. ಸುದ್ದಿ ಹಬ್ಬಿ, ಬಾದಾಮಿ, ಇಳಕಲ್ಲಿನಿಂದ ಮುಂಗಡ ಕೊಟ್ಟು ಹೋಗಿದ್ದರು. ತಾನು ಬದುಕಿರುವವರೆಗೆ ಕೇಳಬಾರದು ಎಂದು ಆಣೆ ಹಾಕಿಸಿದ್ದಳು. ಮಾತೇ ಹೋದ ಮೇಲೆ ಆಣೆ ಎಲ್ಲಿಯದು? ಮಣ್ಣಿನ ದಿನದ ಗಡಿಬಿಡಿಯಲ್ಲಿ ನಕಲು ತೆಗೆಯುವುದಕ್ಕಿಂತ ಮೊದಲೇ ತೆಗೆದಿಟ್ಟರೆ ಒಳ್ಳೆಯದೆಂದು ಹೊರತೆಗೆದು ಕೇಳಿದೆ. ಮುದುಕಿ ನನಗೆ ಟೋಪಿ ಹಾಕಿದ್ದಳು. ತನ್ನ ಹೆಸರು ಒಂದು ಕಡೆಯೂ ಇಲ್ಲ. ನಾಗವ್ವ, ನಾಗವ್ವ ಎಂದು ಅತ್ತಿದ್ದಾಳೆ. ನಾಗವ್ವ ಎಂದರೆ ಅವ್ವನ ತಾಯಿ, ನಾವು ಹುಟ್ಟುವ ಮೊದಲೇ ಮಣ್ಣಾದವಳು. ಸಾಯುವ ಕಾಲಕ್ಕೆ ಮುದುಕಿಗೆ ತನ್ನ ತಾಯಿ ನೆನಪಾಗಿರಬೇಕು. ಬುದ್ಧಿಯೂ ಆಗಲೇ ಜಾರಿತ್ತು ಎಂದು ಕಾಣುತ್ತದೆ, ಎಲ್ಲಿಯದೋ ಮುದುಕಿಯ ಕಾಲಿಗೆ ಗೆಜ್ಜೆ ಕಟ್ಟುತ್ತಾಳೆ, ಬೆಲ್ಲ ಕದ್ದಳು ಎನ್ನುತ್ತಾಳೆ. ದನಿಯನ್ನು ಮಾತ್ರ ಮೆಚ್ಚಬೇಕು. ಅವ್ವ ಹಾಗೆ ಅತ್ತದ್ದನ್ನು ನಾನು ಯಾವ ಮನೆಯಲ್ಲೂ ಕೇಳಿರಲಿಲ್ಲ.

ಏನು ಮಾಡುವುದು, ಕೊಳ್ಳುವವರಿಲ್ಲದ ಮಾಲು. ಹೆಸರು ಅಳಿಸೋಣವೆಂದರೆ ಪ್ರತಿ ಸಾಲಿನಲ್ಲೂ ಅದೇ, ಅಳಿಸಿದರೆ ಹಾಡೇ ಉಳಿಯುವುದಿಲ್ಲ. ಕ್ಯಾಸೆಟ್ ಒಳ್ಳೆಯ ಕಂಪನಿಯದು, ಹಾಳು ಮಾಡುವುದೇಕೆ ಎಂದು ಅದರ ಮೇಲೆಯೇ ಲಗ್ನದ ಬ್ಯಾಂಡ್ ಭರ್ತಿ ಮಾಡಿದೆ. ಆ ಬ್ಯಾಂಡ್ ಮಾಡಿಸಿದ ಗಿರಾಕಿ ಒಯ್ಯಲಿಕ್ಕೆ ಬರಲಿಲ್ಲ, ಇಲ್ಲೇ ಬಿದ್ದಿತ್ತು.

ಅವ್ವ ಎರಡು ಮೂರು ದಿನದಿಂದ ಎಡಗೈ ಎತ್ತಿ ಬೀರು ತೋರಿಸುತ್ತಿದ್ದಳು. ಹಾಡು ಕೇಳುವ ಆಸೆ ಇರಬೇಕು ಎಂದು ಒಂದೊಂದೇ ಕ್ಯಾಸೆಟ್ ತೆಗೆದು ತೋರಿಸಿದೆ. ಯಾರೋ ಕೆಂಪು ದಾರ ಸುತ್ತಿದ್ದ ಒಂದನ್ನು ನೋಡಿ ಕಣ್ಣು ಅರಳಿಸಿದಳು. ನೋಡಿದರೆ ಅದೇ ಕ್ಯಾಸೆಟ್. ಹಚ್ಚಿದೆ. ಬ್ಯಾಂಡ್ ಬಾರಿಸಿತು. ಸ್ವಲ್ಪ ಹೊತ್ತು ಕೇಳಿದಳು, ತಿರುವಿ ಹಾಕು ಎಂದು ಕೈ ಮಾಡಿದಳು, ಇನ್ನೊಂದು ಬಾಜುವೂ ಬ್ಯಾಂಡೇ. ಆಮೇಲೆ ಗೋಡೆಯ ಕಡೆ ಮುಖ ಮಾಡಿದವಳು ಈ ಕಡೆ ತಿರುಗಿಲ್ಲ. ನಿನ್ನೆಯಿಂದ ಗಂಜಿಯನ್ನೂ ಒಲ್ಲೆ ಎನ್ನುತ್ತಿದ್ದಾಳೆ. ಹಟ ಹೋಗಿಲ್ಲ ನೋಡು.

ನಿನ್ನಿಂದ ಒಂದು ಉಪಕಾರ ಆಗಬೇಕು. ನಿನ್ನ ದನಿ ಅವ್ವನದೇ. ಸಣ್ಣವಳಿದ್ದಾಗ ಅವಳ ಹಿಂದೆ ಮನೆ ಮನೆ ತಿರುಗಿದವಳು ನೀನು, ಧಾಟಿ ಗೊತ್ತಿದೆ. ಆ ದಿನ ಬಂದು ಅವ್ವನನ್ನು ಮುಂದೆ ಹಾಕಿಕೊಂಡು ಅಳು, ನಾನು ಯಂತ್ರ ಹಚ್ಚಿರುತ್ತೇನೆ. ಸಕ್ರವ್ವನಿಗೆ ಸಕ್ರವ್ವನ ಮಗಳೇ ಅತ್ತದ್ದು ಎಂದರೆ ಮುಂಗಡ ಕೊಟ್ಟವರೂ ಬೇಡ ಎನ್ನುವುದಿಲ್ಲ. ಬಂದದ್ದರಲ್ಲಿ ನಿನಗೂ ಪಾಲು. ಎಷ್ಟು ಬೇಕು ಎಂದು ಸಂಕೋಚ ಇಲ್ಲದೆ ಬರೆ.

ನಿನ್ನ ಅಣ್ಣ
ಹೊಳಬಸಪ್ಪ


ಹುನಗುಂದ
೭ ನವೆಂಬರ್ ೧೯೮೫

ಅಣ್ಣನಿಗೆ,

ಕೊಳ್ಳುವವರಿಲ್ಲದ ಮಾಲು ಎಂದು ಬರೆದಿದ್ದೀಯ. ಕೊಳ್ಳುವವಳು ಹುನಗುಂದದಲ್ಲಿದ್ದಳು.

ಅವ್ವ ನನ್ನ ಮಗಳನ್ನು ನಾಗವ್ವ ಎಂದು ಕರೆಯುತ್ತಿದ್ದಳು. ನಿನಗೆ ಹೇಳುವುದಿಲ್ಲ ಎಂದು ಹಟ ಹಿಡಿದು ಮುಚ್ಚಿಟ್ಟ ಹೆಸರು ಅದೇ. ಗೆಜ್ಜೆ ಕಟ್ಟಿದ್ದು ಅವಳ ಕಾಲಿಗೆ, ಬೆಲ್ಲ ಕದ್ದವಳೂ ಅವಳೇ. ಆ ಕ್ಯಾಸೆಟ್ಟಿನಲ್ಲಿ ಏನಿದೆ ಎಂದು ಫೆಬ್ರವರಿಯಿಂದ ನನಗೆ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು. ನಿನಗೆ ತಿಳಿದರೆ ಬೆಲೆ ಹಾಕುತ್ತೀಯ ಎಂದು ಇಬ್ಬರೂ ಬಾಯಿ ಮುಚ್ಚಿಕೊಂಡು ಕೂತೆವು. ಹೇಳಿದ್ದರೆ ನೀನು ಬೆಲೆಯನ್ನಷ್ಟೇ ಹಾಕುತ್ತಿದ್ದೆ, ಅಳಿಸುತ್ತಿರಲಿಲ್ಲ. ಎರಡು ರಾತ್ರಿಯಿಂದ ಇದೊಂದೇ ನನ್ನ ತಲೆಯಲ್ಲಿ ತಿರುಗುತ್ತಿದೆ. ಊರೂರಿಗೆ ನಕಲು ಹಂಚುವ ನಿನ್ನ ಅಂಗಡಿಯಲ್ಲಿ ಅದೊಂದಕ್ಕೆ ನಕಲು ಇರಲಿಲ್ಲ.

ನಾನು ಅಳುವುದಿಲ್ಲ. ಯಂತ್ರ ಹಚ್ಚಬೇಡ. ಈ ಸೋಮವಾರ ಬರುತ್ತೇನೆ. ಅವ್ವ ಗೋಡೆಯ ಕಡೆ ತಿರುಗಿ ಹಾಗೇ ಹೋಗಬಾರದು. ಅವಳ ಕಿವಿಯ ಹತ್ತಿರ ಕೂತು ಒಂದು ಸುಳ್ಳು ಹೇಳುತ್ತೇನೆ. ಬ್ಯಾಂಡ್ ಭರ್ತಿ ಮಾಡುವ ಮೊದಲೇ ಅಣ್ಣ ಒಂದು ನಕಲು ತೆಗೆದು ನನಗೆ ಕಳಿಸಿದ್ದ, ದಿನಾ ಕೇಳುತ್ತೇನೆ, ಒಂದು ಮಾತೂ ಹೋಗಿಲ್ಲ ಎಂದು. ನನ್ನ ಮಾತನ್ನು ಅವಳು ನಂಬುವುದಿಲ್ಲ, ಸಣ್ಣವಳಿದ್ದಾಗಿನಿಂದ ನನಗೆ ಅವಳ ಮುಂದೆ ಸುಳ್ಳು ಹೇಳಲು ಬರುವುದಿಲ್ಲ. ಅವಳು ತಿರುಗಿ ನಿನ್ನ ಮುಖ ನೋಡುತ್ತಾಳೆ. ಆಗ ನೀನು ಎದುರಿಗೆ ನಿಂತು ಹೂಂ ಎನ್ನಬೇಕು, ಒಂದೇ ಸಲ ಸಾಕು.

ಆ ಹೂಂಗೆ ಎಷ್ಟು ತೆಗೆದುಕೊಳ್ಳುತ್ತೀಯ ಎಂದು ಸೋಮವಾರದ ಒಳಗೆ ಹುಸೇನಸಾಬನ ಕೈಯಲ್ಲಿ ಹೇಳಿ ಕಳಿಸು. ಬರುವಾಗ ತಂದಿರುತ್ತೇನೆ.

ಗುರುಲಿಂಗವ್ವ